ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಟಿಕೆಟ್ ಮೇಜಿನ ಅನುಭವದ ಪಾಠಗಳು

ವಿಮಾನದ ಟಿಕೆಟ್ ಮಾಡಿಕೊಡುವುದು ನನ್ನ ಕಸುಬು. ನನ್ನ ಮೇಜಿನ ಮುಂದೆ ಬಂದು ಕೂರುವವರಲ್ಲಿ ಹೆಚ್ಚಿನವರು ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರು. ಮಗಳ ಬಾಣಂತನ, ಮೊಮ್ಮಗನ ನಾಮಕರಣ, ಮಗನ ಗೃಹಪ್ರವೇಶ, ಹೀಗೆ ಕಾರಣಗಳು ಬೇರೆ ಬೇರೆ. ಊರು ಮಾತ್ರ ಹೆಚ್ಚಾಗಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲದ್ದು: ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ. ಕೂತ ಕೂಡಲೇ ಅವರು ಕೇಳುವ ಪ್ರಶ್ನೆ ಎರಡು. ಎಷ್ಟು ದೂರ? ಎಷ್ಟು ಹೊತ್ತು? ಮೊದಲನೆಯದಕ್ಕೆ ಒಂದು ಸಾಲಿನ ಉತ್ತರ ಸಾಕು. ಎರಡನೆಯದಕ್ಕೆ ಸರಿಯಾದ ಉತ್ತರ ಕೊಡುವುದನ್ನು ಕೆಲಸ ಮಾಡುತ್ತಾ ಮಾಡುತ್ತಾ ಕಲಿತೆ. ಹಾಗೆ ಕಲಿತದ್ದು ಇಲ್ಲಿದೆ.

1. ದೂರವನ್ನು ಗೋಡೆಯ ನಕ್ಷೆಯಲ್ಲಿ ಅಳೆಯಬೇಡಿ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗೋಡೆಗೆ ತೂಗುಹಾಕಿದ ನಕ್ಷೆ ನೋಡಿದವರು ಈ ದಾರಿ ಅರಬ್ಬೀ ಸಮುದ್ರ, ಯುರೋಪು, ಅಟ್ಲಾಂಟಿಕ್ ದಾಟಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ಮೊಮ್ಮಕ್ಕಳ ಭೂಗೋಳದ ಗುಂಡು ಇದ್ದರೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿ. ದಾರ ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ ಹೋಗುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಹೀಗೆ ಮೇಲಕ್ಕೆ ಹತ್ತಿ ಇಳಿಯುತ್ತದೆ.

ಈ ಕಿಲೋಮೀಟರಿನಿಂದ ಗಂಟೆಯ ಅಂದಾಜು ಮಾಡಲು ನಾನು ಬಳಸುವ ಲೆಕ್ಕ ಸುಲಭ. ದೂರವನ್ನು 850ರಿಂದ ಭಾಗಿಸಿ, ಏರಲು, ಇಳಿಯಲು, ರನ್‌ವೇವರೆಗೆ ಓಡಾಡಲು ಎಂದು ಅರ್ಧ ಗಂಟೆ ಸೇರಿಸಿ. ಬೆಂಗಳೂರು–ಲಂಡನ್ ಸುಮಾರು 8,050 ಕಿ.ಮೀ., ಅಂದರೆ ಹತ್ತು ಗಂಟೆ. ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ., ಅಂದರೆ ಎರಡೂವರೆ ಗಂಟೆ. ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನೇಳು. ವೇಳಾಪಟ್ಟಿ ತೆಗೆದು ನೋಡಿದರೆ ಇದು ಅಷ್ಟಿಷ್ಟು ಹೊಂದುತ್ತದೆ. ಆದರೆ ಅಷ್ಟಿಷ್ಟು ಮಾತ್ರ. ಏಕೆಂದರೆ ಮುಂದಿನ ಎರಡು ಸಂಗತಿಗಳು ಈ ಲೆಕ್ಕವನ್ನು ಪ್ರತಿದಿನವೂ ಅಲುಗಾಡಿಸುತ್ತವೆ.

2. ಗಾಳಿಯನ್ನು ಲೆಕ್ಕಕ್ಕೆ ಹಿಡಿಯಿರಿ

"ಹೋಗೋಕೆ ಹದಿನಾರು ಗಂಟೆ, ಬರೋಕೆ ಹದಿನೇಳೂವರೆ ಯಾಕೆ? ದಾರಿ ಅದೇ ತಾನೆ?" ಎಂದು ಬಹಳ ಮಂದಿ ಕೇಳುತ್ತಾರೆ. ವಿಮಾನ ಹಾರುವ ಎತ್ತರದಲ್ಲಿ, ನೆಲದಿಂದ ಸುಮಾರು ಹತ್ತು ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಪಟ್ಟಿಯೊಂದು ಬೀಸುತ್ತಿರುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ಬಿರುಸು ಇನ್ನೂ ಹೆಚ್ಚು, ಗಂಟೆಗೆ 200 ಕಿ.ಮೀ. ದಾಟುವುದೂ ಸಾಮಾನ್ಯ. ಪೂರ್ವಕ್ಕೆ ಹೊರಟ ವಿಮಾನಕ್ಕೆ ಇದು ಹೊಳೆಯ ಸೆಳವಿನ ಜೊತೆ ಹೊರಟ ದೋಣಿಯ ಸುಖ. ಪಶ್ಚಿಮಕ್ಕೆ ಹೊರಟದ್ದಕ್ಕೆ ಸೆಳವಿನ ಎದುರು ಹುಟ್ಟು ಹಾಕುವ ಕಷ್ಟ.

ಇದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೆಯ ಉದಾಹರಣೆಯಿದೆ. ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಶುರು ಮಾಡಿದಾಗ ಅದು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ದಾರಿ ಸುಮಾರು 1,400 ಕಿ.ಮೀ. ಉದ್ದವಾಗಿ 15,300 ಕಿ.ಮೀ. ಆಯಿತು. ಆದರೂ ಪ್ರಯಾಣ ಸುಮಾರು ಎರಡು ಗಂಟೆ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಹೆಚ್ಚು ದೂರ, ಕಡಿಮೆ ಹೊತ್ತು! ಬೆನ್ನಿಗೆ ಗಾಳಿ ಸಿಕ್ಕಿತು, ಇಂಧನವೂ ಉಳಿಯಿತು. ದೂರ ಹೆಚ್ಚಿದ್ದರೆ ಹೊತ್ತೂ ಹೆಚ್ಚು ಎಂದು ನಂಬಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಆದ್ದರಿಂದ ಹೋಗುವ ಮತ್ತು ಬರುವ ಪ್ರಯಾಣವನ್ನು ಬೇರೆ ಬೇರೆಯಾಗಿ ನೋಡಿ. ನೇರ ವಿಮಾನದಲ್ಲಿ ಬರುವಾಗ ಒಂದೆರಡು ಗಂಟೆ ಹೆಚ್ಚೇ ಹಿಡಿಯುತ್ತದೆ ಎಂದುಕೊಂಡೇ ಮುಂದಿನ ಬಸ್ಸು, ರೈಲು, ಟ್ಯಾಕ್ಸಿಗೆ ಹೊತ್ತು ಗೊತ್ತುಮಾಡಿ.

3. ಆಕಾಶದಲ್ಲೂ ಬೇಲಿಗಳಿವೆ

ದಾರ ತೋರಿಸಿದ ಹತ್ತಿರದ ದಾರಿಯಲ್ಲೇ ವಿಮಾನ ಹೋಗುವುದಿಲ್ಲ. ಮೊದಲ ಅಡ್ಡಿ ಹಿಮಾಲಯ ಮತ್ತು ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ ಇಳಿಯಬೇಕು. ತಲೆಯ ಮೇಲಿಂದ ಜಾರಿ ಬರುವ ಆಮ್ಲಜನಕದ ಮುಖವಾಡ ಹೆಚ್ಚಿನ ವಿಮಾನಗಳಲ್ಲಿ ಕೆಲಸ ಮಾಡುವುದು ಕೆಲವೇ ನಿಮಿಷ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 14,000 ಅಡಿಗಿಂತ ಹೆಚ್ಚು. ಅಲ್ಲಿ ಇಳಿಯಲು ಜಾಗವೇ ಇಲ್ಲ. ಹೀಗಾಗಿ ವಿಮಾನಗಳು ಅದನ್ನು ಸುತ್ತುಹಾಕಿ ಹೋಗುತ್ತವೆ.

ಎರಡನೆಯ ಅಡ್ಡಿ ದೇಶಗಳ ನಡುವಿನ ಸಂಬಂಧ. 2019ರ ಫೆಬ್ರುವರಿ ಕೊನೆಯಿಂದ ಜುಲೈ ನಡುವಿನವರೆಗೆ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಮುಚ್ಚಿತ್ತು. 2025ರ ಏಪ್ರಿಲಿನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಸುತ್ತು ಹಾಕಬೇಕಾಯಿತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ವಿಮಾನ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲವಾಯಿತು. ಭಾರತದ ಕಂಪನಿಗೆ ಅದು ತೆರೆದೇ ಇತ್ತು. ಒಂದೇ ಎರಡು ಊರುಗಳ ನಡುವೆ ಒಂದೊಂದು ಕಂಪನಿಯ ವಿಮಾನಕ್ಕೆ ಒಂದೊಂದು ದಾರಿ, ಒಂದೊಂದು ಹೊತ್ತು.

2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. ಬೇರೆ ವಿಮಾನ ಬರುವ ತನಕ ಪ್ರಯಾಣಿಕರು ಆ ಚಿಕ್ಕ ಊರಿನಲ್ಲೇ ಕಾಯಬೇಕಾಯಿತು. ಇಂಥದ್ದು ಅಪರೂಪ, ಹೆದರಬೇಕಿಲ್ಲ. ಆದರೆ ಎರಡು ದಿನಕ್ಕೆ ಆಗುವಷ್ಟು ಮಾತ್ರೆ, ಒಂದು ಜೊತೆ ಬಟ್ಟೆ, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಇನ್ನೊಂದು ಮಾತು. ಹೋದ ವರ್ಷ ಪಕ್ಕದ ಮನೆಯವರು ಹೋಗಿಬಂದ ಹೊತ್ತನ್ನು ಈ ವರ್ಷದ ಲೆಕ್ಕಕ್ಕೆ ಹಿಡಿಯಬೇಡಿ. ನೇರ ವಿಮಾನಗಳು ಶುರುವಾಗುತ್ತವೆ, ನಿಲ್ಲುತ್ತವೆ. ದಾರಿಗಳು ತೆರೆಯುತ್ತವೆ, ಮುಚ್ಚುತ್ತವೆ. ಹೊರಡುವ ತಿಂಗಳಿನ ವೇಳಾಪಟ್ಟಿಯನ್ನೇ ನೋಡಿ.

4. ಗಡಿಯಾರ ಒಂದು, ಹಾರಾಟದ ಹೊತ್ತು ಇನ್ನೊಂದು

ತೀರ್ಥಹಳ್ಳಿ ಕಡೆಯ ಹಿರಿಯ ತಾಯಿಯೊಬ್ಬರು ಟಿಕೆಟ್ ಕೈಯಲ್ಲಿ ಹಿಡಿದು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಶನಿವಾರ ಮಧ್ಯಾಹ್ನ ಎರಡೂವರೆಗೆ ಹೊರಟು ಶನಿವಾರ ಸಾಯಂಕಾಲ ಆರಕ್ಕೇ ಮುಟ್ಟೋದು ಅಂತ ಬರ್ದಿದೆಯಲ್ಲಪ್ಪ. ನಮ್ಮ ಹುಡುಗ ಹದಿನಾರು ಗಂಟೆ ಅಂತಾನೆ. ಯಾವ್ದು ನಿಜ?"

"ಎರಡೂ ನಿಜ ಅಮ್ಮ," ಅಂದೆ. ಹಾಳೆ ತೆಗೆದುಕೊಂಡು ಎರಡು ಸಾಲು ಬರೆದೆ. ಒಂದು ಸಾಲು ಬೆಂಗಳೂರಿನ ಗಡಿಯಾರದ್ದು: ಶನಿವಾರ ಮಧ್ಯಾಹ್ನ 2.30ಕ್ಕೆ ಹದಿನಾರು ಗಂಟೆ ಸೇರಿಸಿದರೆ ಭಾನುವಾರ ಬೆಳಿಗ್ಗೆ 6.30. ಇನ್ನೊಂದು ಮಗನ ಊರಿನದು: ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಹಾಗಾಗಿ ಆ ಹೊತ್ತಿಗೆ ಅಲ್ಲಿ ಇನ್ನೂ ಶನಿವಾರ ಸಂಜೆ 6. ಅವರು ಎರಡೂ ಸಾಲಿನ ಮೇಲೆ ಬೆರಳಾಡಿಸಿ, "ಹಾಗಾದ್ರೆ ವಾಪಸ್ ಬರೋವಾಗ?" ಎಂದರು. ಅದೇ ಮುಖ್ಯವಾದ ಪ್ರಶ್ನೆ. ಅಲ್ಲಿ ಶನಿವಾರ ರಾತ್ರಿ 8.30ಕ್ಕೆ ಹೊರಟರೆ ಆಗ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ 9. ಹದಿನೇಳೂವರೆ ಗಂಟೆ ಸೇರಿಸಿದರೆ ಸೋಮವಾರ ಬೆಳಗಿನ ಜಾವ 2.30. ಅವರ ಪಾಲಿಗೆ ಭಾನುವಾರ ಎಂಬುದು ಆಕಾಶದಲ್ಲೇ ಕಳೆದುಹೋಗುತ್ತದೆ.

"ಸೋಮವಾರ ನಮ್ಮತ್ತೆ ತಿಥಿ," ಅಂದರು ಆಕೆ, ದನಿ ತಗ್ಗಿಸಿ. ಬೆಳಗಿನ ಜಾವ ಇಳಿದು, ಲಗೇಜು ತೆಗೆದುಕೊಂಡು, ತೀರ್ಥಹಳ್ಳಿ ಮುಟ್ಟಿ ಅಡುಗೆಗೆ ಕೂರುವುದು ಆಗದ ಮಾತು. ಟಿಕೆಟನ್ನು ನಾಲ್ಕು ದಿನ ಹಿಂದಕ್ಕೆ ಹಾಕಿದೆವು. ಅಂದಿನಿಂದ, ಮರಳುವ ಟಿಕೆಟ್ ಮಾಡುವ ಮುನ್ನ ಪಂಚಾಂಗ ನೋಡಿಕೊಂಡು ಬನ್ನಿ ಎಂದು ನಾನೇ ಕೇಳುತ್ತೇನೆ. ಮದುವೆ, ತಿಥಿ, ಕೋರ್ಟಿನ ದಿನಾಂಕ, ಪಿಂಚಣಿಯ ಕೆಲಸ ಏನೇ ಇರಲಿ, ಅದಕ್ಕಿಂತ ಮೂರು ದಿನ ಮೊದಲೇ ಇಲ್ಲಿರುವಂತೆ ನೋಡಿಕೊಳ್ಳಿ.

ಗಡಿಯಾರದ ಸುಲಭ ಲೆಕ್ಕವೊಂದನ್ನು ಕಲಿತುಕೊಂಡರೆ ಮಕ್ಕಳಿಗೆ ಫೋನ್ ಮಾಡಲೂ ಅನುಕೂಲ. ಬೇಸಿಗೆಯಲ್ಲಿ ನಮ್ಮ ಗಡಿಯಾರದಿಂದ ಅರ್ಧ ಗಂಟೆ ಕಳೆದು, ಹಗಲಿದ್ದರೆ ರಾತ್ರಿ, ರಾತ್ರಿಯಿದ್ದರೆ ಹಗಲು ಮಾಡಿ. ಚಳಿಗಾಲದಲ್ಲಿ ಅರ್ಧದ ಬದಲು ಒಂದೂವರೆ ಗಂಟೆ ಕಳೆಯಿರಿ. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ.

5. ಎಲ್ಲಿ ಇಳಿದು ಹತ್ತುತ್ತೀರಿ ಎಂಬುದು ಎಷ್ಟು ಗಂಟೆ ಎಂಬುದಕ್ಕಿಂತ ದೊಡ್ಡದು

2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ಉತ್ತರ ಧ್ರುವದ ಮೇಲಿಂದ ಹಾರಿ ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಬೆಂಗಳೂರಿಗೂ ಸಿಲಿಕಾನ್ ಕಣಿವೆಗೂ ನಡುವೆ ಎಲ್ಲೂ ಇಳಿಯದ ವಿಮಾನ ಬಂದದ್ದು ನನ್ನಂಥವರಿಗೆ ದೊಡ್ಡ ಸಂಭ್ರಮ. ಇಂಗ್ಲಿಷ್ ಬಾರದ, ಒಬ್ಬರೇ ಹೊರಟ ಅಜ್ಜಿಯರಿಗೆ ನಡುವೆ ಇಳಿಯದೇ ಇರುವುದಕ್ಕಿಂತ ದೊಡ್ಡ ನೆಮ್ಮದಿ ಇನ್ನೊಂದಿಲ್ಲ. ಹತ್ತಿದರೆ ಆಯಿತು, ಇಳಿದರೆ ಮಗ ಇರುತ್ತಾನೆ.

ಆದರೆ ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರುವುದು ಎಲ್ಲರಿಗೂ ಆಗದು. ಮಂಡಿನೋವು, ಕಾಲು ಊತ, ಪದೇ ಪದೇ ಶೌಚಕ್ಕೆ ಹೋಗಬೇಕಾದ ತೊಂದರೆ ಇದ್ದವರಿಗೆ ನಡುವೆ ಇಳಿಯುವುದೇ ಒಳ್ಳೆಯದು. ಆಗ ಕೇಳಬೇಕಾದದ್ದು, ಪ್ರಯಾಣ ಎಲ್ಲಿ ತುಂಡಾಗುತ್ತದೆ?

ದುಬೈ ನೋಡಿ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 2,700 ಕಿ.ಮೀ., ನಾಲ್ಕು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮತ್ತೆ ಸುಮಾರು 13,000 ಕಿ.ಮೀ., ಹದಿನಾರು ಗಂಟೆಯ ಆಸುಪಾಸು. ಅಂದರೆ ನಾಲ್ಕು ಗಂಟೆ ಹಾರಿ, ಮೂರು ಗಂಟೆ ಕಾದ ಮೇಲೂ ಮುಂದಿರುವುದು ಹೆಚ್ಚುಕಡಿಮೆ ಬೆಂಗಳೂರಿನಿಂದಲೇ ಹೊರಟಷ್ಟು ಪ್ರಯಾಣ. ಮಂಡಿಗೆ ಬಿಡುವು ಬೇಕೆಂದು ಇಳಿದವರಿಗೆ ಸಿಕ್ಕ ಬಿಡುವು ಬೇಡದ ಕಡೆ ಸಿಕ್ಕಂತಾಯಿತು. ಸಿಂಗಪುರದ ಕತೆಯೂ ಇದೇ: ಮೊದಲು ನಾಲ್ಕೂವರೆ ಗಂಟೆ, ಆಮೇಲೆ ಹದಿನೈದರ ಮೇಲೆ.

ಫ್ರಾಂಕ್‌ಫರ್ಟ್ ಬೇರೆ. ಇಲ್ಲಿಂದ ಅಲ್ಲಿಗೆ ಸುಮಾರು 7,400 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 9,100ರ ಸುಮಾರು. ಒಟ್ಟು ದಾರಿ ನೇರ ದಾರಿಗಿಂತ 2,500 ಕಿ.ಮೀ. ಹೆಚ್ಚು. ಆದರೆ ಪ್ರಯಾಣ ಹತ್ತು ಗಂಟೆ, ಹನ್ನೊಂದೂವರೆ ಗಂಟೆ ಎಂದು ಹೆಚ್ಚುಕಡಿಮೆ ಎರಡು ಸಮಪಾಲಾಗುತ್ತದೆ. ಲಂಡನ್ ಕೂಡ ಹಾಗೆಯೇ. ಎಪ್ಪತ್ತು ದಾಟಿದ, ಕಾಲಿನ ತೊಂದರೆಯಿರುವ ದಂಪತಿ ಜೊತೆಯಾಗಿ ಹೊರಟಿದ್ದರೆ ನಾನು ಒಟ್ಟು ಗಂಟೆ ಹೆಚ್ಚಾದರೂ ಇಂಥ ದಾರಿಯನ್ನೇ ಸೂಚಿಸುತ್ತೇನೆ. ಮಕ್ಕಳು ಫೋನಿನಲ್ಲಿ ಕಡಿಮೆ ಗಂಟೆಯದನ್ನೇ ಮೇಲಕ್ಕೆ ತಂದು ಅದನ್ನೇ ಆರಿಸುತ್ತಾರೆ. ಅದು ಮೂವತ್ತರ ವಯಸ್ಸಿನ ದೇಹದ ಆಯ್ಕೆ.

ಯುರೋಪಿನ ಮೂಲಕ ಹೋಗುವುದಾದರೆ ಟ್ರಾನ್ಸಿಟ್ ವೀಸಾದ ನಿಯಮವನ್ನು ಹೋಗುವಾಗಿನದು, ಬರುವಾಗಿನದು ಎಂದು ಬೇರೆ ಬೇರೆಯಾಗಿ ನೋಡಿ. ಅಮೆರಿಕದ ವೀಸಾ ಇದೆಯೇ ಎಂಬುದರ ಮೇಲೆ ಆ ನಿಯಮ ಬದಲಾಗಬಹುದು. ಹೋಗುವಾಗ ಆ ವೀಸಾ ಚಾಲ್ತಿಯಲ್ಲಿರುತ್ತದೆ. ಅಲ್ಲಿ ಕೆಲವು ತಿಂಗಳು ಇದ್ದು ಮರಳುವಷ್ಟರಲ್ಲಿ ಅದರ ಅವಧಿ ಮುಗಿದಿರಬಹುದು.

6. ನಡುವಿನ ಬಿಡುವಿನಲ್ಲಿ ಕಂಜೂಸಿ ಮಾಡಬೇಡಿ

ಪ್ರತಿ ವಿಮಾನ ನಿಲ್ದಾಣಕ್ಕೂ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಕನಿಷ್ಠ ಹೊತ್ತು ಎಂದು ಗೊತ್ತುಮಾಡಿರುತ್ತಾರೆ. ಅದು ಚುರುಕಾಗಿ ನಡೆಯುವವರಿಗೆ ಸಾಕಾಗುವ ಹೊತ್ತು. ಹಿರಿಯರಿಗೆ ನಾನು ಮೂರು ಗಂಟೆಗಿಂತ ಕಡಿಮೆ ಇಡುವುದಿಲ್ಲ.

ಅಮೆರಿಕದೊಳಗೇ ವಿಮಾನ ಬದಲಿಸುವುದಿದ್ದರೆ ಇನ್ನೂ ಎಚ್ಚರ ಬೇಕು. ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್ ಆಗಬೇಕು. ಸಾಮಾನ್ಯವಾಗಿ ಲಗೇಜನ್ನೂ ಅಲ್ಲೇ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಷಿಕಾಗೋ ಅಥವಾ ನ್ಯೂಯಾರ್ಕ್‌ನಲ್ಲಿ ಇಳಿದು ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತುವವರಿಗೆ ನಾಲ್ಕು ಗಂಟೆಯೂ ಹೆಚ್ಚಲ್ಲ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಇಮಿಗ್ರೇಶನ್ ಅಧಿಕಾರಿಗಳೇ ಕೂತಿದ್ದಾರೆ. ಅಲ್ಲಿಯೇ ತಪಾಸಣೆ ಮುಗಿಸಿದರೆ ಅಮೆರಿಕದಲ್ಲಿ ಒಳನಾಡಿನ ಪ್ರಯಾಣಿಕರಂತೆ ಹೊರಗೆ ನಡೆಯಬಹುದು. ಆದರೆ ಆ ಸಾಲಿಗಾಗಿ ಅಬುಧಾಬಿಯಲ್ಲಿ ಹೊತ್ತು ಇಟ್ಟುಕೊಳ್ಳಬೇಕು.

ಎರಡು ಟಿಕೆಟ್ ಬೇರೆ ಬೇರೆ ಮಾಡಿಸಿ ಹಣ ಉಳಿಸುವ ಯೋಚನೆ ಹಿರಿಯರ ಪ್ರಯಾಣಕ್ಕೆ ಬೇಡ. ಇಡೀ ಪ್ರಯಾಣ ಒಂದೇ ಪಿ.ಎನ್.ಆರ್.ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆಯಾಗಿದ್ದರೆ ಆ ಹೊಣೆ ನಿಮ್ಮದು. ನ್ಯೂಯಾರ್ಕ್ ಸುತ್ತ ಕೆನಡಿ, ನೆವಾರ್ಕ್, ಲಗ್ವಾರ್ಡಿಯಾ ಎಂಬ ಮೂರು ನಿಲ್ದಾಣಗಳಿವೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್‌ಗಳೂ ಇರುತ್ತವೆ. ಊರಿನ ಹೆಸರಷ್ಟೇ ಅಲ್ಲ, ನಿಲ್ದಾಣದ ಹೆಸರನ್ನೂ ಓದಿ.

7. ಪ್ರಯಾಣ ಶುರುವಾಗುವುದು ಮನೆಯ ಬಾಗಿಲಲ್ಲಿ

ಟಿಕೆಟ್ ಹದಿನಾರು ಗಂಟೆ ಅನ್ನುತ್ತದೆ. ತೀರ್ಥಹಳ್ಳಿಯಿಂದ ಹೊರಟ ದಂಪತಿಯ ಪಾಲಿಗೆ ಅದು ಹೀಗೆ: ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಏಳೆಂಟು ಗಂಟೆ, ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ದಾರಿ ಖಾಲಿಯಿದ್ದರೂ ಒಂದು ಗಂಟೆ, ಸಂಜೆಯಾದರೆ ಎರಡು, ವಿಮಾನ ಹೊರಡುವುದಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು, ಹದಿನಾರು ಗಂಟೆ ಹಾರಾಟ, ಅಲ್ಲಿ ಇಮಿಗ್ರೇಶನ್, ಲಗೇಜು ಎಂದು ಎರಡು ಗಂಟೆ, ಮಗನ ಮನೆಗೆ ಮತ್ತೊಂದು ಗಂಟೆ. ಒಟ್ಟು ಮೂವತ್ತು ಗಂಟೆ ದಾಟಿತು. ಇದರಲ್ಲಿ ಬಸ್ಸಿನ ರಾತ್ರಿ ನಿದ್ದೆಗೆಟ್ಟು ಬಂದವರು ವಿಮಾನದಲ್ಲಿ ಇನ್ನಷ್ಟು ಬಳಲುತ್ತಾರೆ. ಒಂದು ದಿನ ಮೊದಲೇ ಬೆಂಗಳೂರಿಗೆ ಬಂದು ನೆಂಟರ ಮನೆಯಲ್ಲಿ ಮಲಗಿ ಹೊರಡಿ.

ಬೆಂಗಳೂರಿನಿಂದ ವಿದೇಶಕ್ಕೆ ಹೋಗುವ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತಿವೆ. ಟ್ಯಾಕ್ಸಿಯವರಿಗೆ ಟಿ-2 ಎಂದು ಮೊದಲೇ ಹೇಳಿಬಿಡಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ.

8. ಔಷಧಿಗೆ ಗಡಿಯಾರ ನೋಡಬೇಡಿ, ಗಂಟೆ ಎಣಿಸಿ

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಹೊರಡುವ ಮುನ್ನ ತಮ್ಮ ವೈದ್ಯರ ಹತ್ತಿರ ಟಿಕೆಟ್ ತೆಗೆದುಕೊಂಡು ಹೋಗಿ. ಹೊರಟ ಹೊತ್ತಿನಿಂದ ಎಷ್ಟು ಗಂಟೆಗೆ ಯಾವ ಮಾತ್ರೆ, ಎಷ್ಟು ಇನ್ಸುಲಿನ್ ಎಂದು ಬರೆಸಿಕೊಳ್ಳಿ. ರಾತ್ರಿ ಊಟದ ಮಾತ್ರೆ ಎಂದರೆ ಯಾವ ಊರಿನ ರಾತ್ರಿ ಎಂಬ ಗೊಂದಲ ಆಗ ಇರದು. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕೆಳಗಿನ ಲಗೇಜಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ಎರಡು ಗಂಟೆಗೊಮ್ಮೆಯಾದರೂ ಎದ್ದು ನಡೆಯಬೇಕು, ನೀರು ಕುಡಿಯುತ್ತಿರಬೇಕು. ಅದಕ್ಕೇ ನಾನು ಹಿರಿಯರಿಗೆ ಕಿಟಕಿ ಬದಲು ನಡುದಾರಿಯ ಪಕ್ಕದ ಸೀಟು ಹಿಡಿಯುತ್ತೇನೆ.

ವೀಲ್‌ಚೇರ್ ಮತ್ತು ಸಸ್ಯಾಹಾರದ ಊಟವನ್ನು ಟಿಕೆಟ್ ಮಾಡುವಾಗಲೇ ಹೇಳಿ ದಾಖಲಿಸಿ. ಕೊನೆಯ ದಿನ ಕೇಳಿದರೆ ಸಿಗುವ ಖಾತರಿಯಿಲ್ಲ.

9. ಮುಟ್ಟಿದ ಮೇಲಿನ ವಾರವನ್ನೂ ಪ್ರಯಾಣದ ಲೆಕ್ಕಕ್ಕೆ ಸೇರಿಸಿ

ದೇಹದ ಗಡಿಯಾರ ಹೊಸ ಊರಿಗೆ ಹೊಂದುವುದು ದಿನಕ್ಕೆ ಸುಮಾರು ಒಂದು ಗಂಟೆಯಂತೆ. ಹನ್ನೆರಡೂವರೆ ಗಂಟೆಯ ವ್ಯತ್ಯಾಸ ಎಂದರೆ ಹಗಲು ರಾತ್ರಿ ಪೂರ್ತಿ ಅದಲುಬದಲು. ಒಂದು ವಾರವಾದರೂ ನಡುರಾತ್ರಿ ಎಚ್ಚರ, ನಡುಹಗಲು ತೂಕಡಿಕೆ ಇದ್ದೇ ಇರುತ್ತದೆ. ಬೆಳಗಿನ ಬಿಸಿಲಿನಲ್ಲಿ ನಡೆದಾಡುವುದು ಎಲ್ಲಕ್ಕಿಂತ ಒಳ್ಳೆಯ ಮದ್ದು. ಮುಟ್ಟಿದ ಮರುದಿನವೇ ಹಿರಿಯರನ್ನು ಊರು ನೋಡಲು ಕರೆದೊಯ್ಯಬೇಡಿ. ಮಗಳ ಹೆರಿಗೆಗೆಂದು ಹೋಗುವ ತಾಯಂದಿರು ದಿನ ತುಂಬುವುದಕ್ಕೆ ಎರಡು ವಾರ ಮೊದಲೇ ಅಲ್ಲಿರಬೇಕು. ನಿದ್ದೆಗೆಟ್ಟ ಕೈಗೆ ಹಸುಗೂಸನ್ನು ಕೊಡುವುದು ಇಬ್ಬರಿಗೂ ಒಳ್ಳೆಯದಲ್ಲ.

10. ಒಂದು ಹಾಳೆ, ಕನ್ನಡದಲ್ಲಿ

ಎಷ್ಟೇ ಚೆನ್ನಾದ ಟಿಕೆಟ್ ಆದರೂ ಅದನ್ನು ಓದಲಾಗದವರಿಗೆ ಅದು ನೆರವಾಗದು. ಅದಕ್ಕೆ ಪ್ರತಿ ಹಿರಿಯರಿಗೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದುಕೊಡುತ್ತೇನೆ: ವಿಮಾನದ ನಂಬರು, ಎಲ್ಲಿ ಇಳಿಯಬೇಕು, ಅಲ್ಲಿ ಎಷ್ಟು ಹೊತ್ತು ಕಾಯಬೇಕು, ಲಗೇಜು ಎಲ್ಲಿ ಎತ್ತಿಕೊಳ್ಳಬೇಕು, ಎರಡೂ ಊರಿನ ಗಡಿಯಾರ. ಅದೇ ಹಾಳೆಯ ಹಿಂದೆ ಇಂಗ್ಲಿಷಿನಲ್ಲಿ ಮಗನ ಹೆಸರು, ವಿಳಾಸ, ಫೋನ್ ನಂಬರು, ನನಗೆ ಇಂಗ್ಲಿಷ್ ಬಾರದು, ದಯವಿಟ್ಟು ಈ ಗೇಟಿಗೆ ಕರೆದೊಯ್ಯಿರಿ ಎಂಬ ಒಂದು ಸಾಲು. ಫೋನಿನ ಬ್ಯಾಟರಿ ಮುಗಿದರೂ ಈ ಹಾಳೆ ಕೆಲಸ ಮಾಡುತ್ತದೆ.

ಅಮೆರಿಕದಲ್ಲಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಅಪ್ಪ ಅಮ್ಮನ ಟಿಕೆಟ್‌ಗೆ ಹಣ ಕಟ್ಟುವ ಮುನ್ನ ಅವರಿಗೊಂದು ಫೋನ್ ಮಾಡಿ. ಒಂದೇ ಸಮನೆ ಎಷ್ಟು ಗಂಟೆ ಕೂರಬಲ್ಲಿರಿ, ನಡುವೆ ಇಳಿದು ಹತ್ತಲು ಧೈರ್ಯವಿದೆಯೇ, ಮರಳುವ ವಾರದಲ್ಲಿ ಊರಿನಲ್ಲಿ ಏನಾದರೂ ಕಾರ್ಯವಿದೆಯೇ ಎಂದು ಕೇಳಿ. ಅವರು ಕೊಟ್ಟ ಉತ್ತರ ನೋಡಿಕೊಂಡು ಟಿಕೆಟ್ ಮಾಡಿ.